ಬರೋಲೋ ಬಾಟಲಿ: ಇಡೋದಾ, ತೆಗೆಯೋದಾ?

"ಅಣ್ಣ ಇಟಲಿಯಿಂದ ಒಂದು ಬರೋಲೋ ತಂದಿದ್ದಾನೆ. ಹಳೆಯದಾದಷ್ಟೂ ಚೆನ್ನಾಗಿರುತ್ತಂತೆ, ಎಷ್ಟು ವರ್ಷ ಇಡಲಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ. "ತೆಗೆದು ಕುಡಿದೆವು. ಬಾಯೆಲ್ಲ ಒಗರು. ಇಷ್ಟು ದುಡ್ಡು ಇದಕ್ಕಾ?"

ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಬರೋಲೋ ಇಟಲಿಯ ಒಂದು ರೆಡ್ ವೈನ್. ಅದಕ್ಕೆ ಹತ್ತಿಪ್ಪತ್ತು ವರ್ಷ ಬಾಳುವ ಶಕ್ತಿ ಇದೆ. ಆದರೆ ತಂಪಾದ, ಕತ್ತಲೆಯ ಜಾಗ ಸಿಕ್ಕರೆ ಮಾತ್ರ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಕಪಾಟಿನಲ್ಲೋ ಮಂಗಳೂರಿನ ಷೋಕೇಸಿನಲ್ಲೋ ಹತ್ತು ವರ್ಷ ಇಟ್ಟರೆ ಅದು ಮಾಗುವುದಿಲ್ಲ, ಬೇಯುತ್ತದೆ. ವೈನ್ ಇಡಲೆಂದೇ ಮಾಡಿದ ಫ್ರಿಜ್ ನಿಮ್ಮಲ್ಲಿ ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಕುಡಿದು ಮುಗಿಸಿ. ಹೇಗೆ ಕುಡಿದರೆ ಒಗರು ಹದಕ್ಕೆ ಬರುತ್ತದೆ ಅನ್ನುವುದನ್ನೂ ಕೆಳಗೆ ಬರೆದಿದ್ದೇನೆ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಒಳ್ಳೆಯ ಕಾರ್ಕ್ ಸ್ಕ್ರೂ, ಅಗಲ ಹೊಟ್ಟೆಯ ದೊಡ್ಡ ವೈನ್ ಗ್ಲಾಸ್, ಒಂದು ಗಾಜಿನ ಜಗ್, ಮೊಬೈಲ್ ಟಾರ್ಚ್. ಜೊತೆಗೆ ಒಂದು ಸಂಜೆಯಷ್ಟು ಪುರಸೊತ್ತು.

1. ಮೊದಲು ಲೇಬಲ್ ಓದಿ

ಬರೋಲೋ ಅನ್ನುವುದು ಕಂಪನಿಯ ಹೆಸರಲ್ಲ, ಊರಿನ ಹೆಸರು. ಇಟಲಿಯ ವಾಯವ್ಯ ಮೂಲೆಯ ಪಿಯೆಮಾಂಟೆ ಪ್ರಾಂತ್ಯದಲ್ಲಿ, ಆಲ್ಬಾ ಪಟ್ಟಣದ ಪಕ್ಕ ಲಾಂಗೆ ಎಂಬ ಗುಡ್ಡಗಾಡು ಇದೆ. ಅಲ್ಲಿನ 11 ಊರುಗಳ ಎಲ್ಲೆಯೊಳಗೆ ಬೆಳೆದ ನೆಬ್ಬಿಯೋಲೊ ದ್ರಾಕ್ಷಿಯಿಂದ ಮಾಡಿದ್ದಕ್ಕೆ ಮಾತ್ರ ಈ ಹೆಸರು ಹಾಕಬಹುದು. ಬೇರೆ ದ್ರಾಕ್ಷಿ ಒಂದು ತೊಟ್ಟೂ ಬೆರೆಸುವಂತಿಲ್ಲ. ಹಾಗಾಗಿ ನೂರಾರು ಮನೆತನಗಳು ಬರೋಲೋ ಮಾಡುತ್ತವೆ. "ಬರೋಲೋ ಕುಡಿದೆ, ಇಷ್ಟವಾಗಲಿಲ್ಲ" ಅಂದರೆ ಯಾರದು, ಯಾವ ವರ್ಷದ್ದು ಅಂತ ಕೇಳಲೇಬೇಕು.

ಲೇಬಲ್ ಮೇಲೆ ನಾಲ್ಕು ಸಂಗತಿ ಹುಡುಕಿ.

ಒಂದು, ವರ್ಷ. ಇದು ದ್ರಾಕ್ಷಿ ಕೊಯ್ದ ವರ್ಷ, ಬಾಟಲಿಗೆ ತುಂಬಿದ ವರ್ಷವಲ್ಲ. ಕೊಯ್ಲಾದ ವರ್ಷದ ನವೆಂಬರ್ 1ರಿಂದ ಲೆಕ್ಕ ಹಾಕಿ ಕನಿಷ್ಠ 38 ತಿಂಗಳು ಮಾಗಿಸಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲೇ ಇರಬೇಕು ಅನ್ನುವುದು ಕಾನೂನು. 2019ರ ಬರೋಲೋ ಅಂಗಡಿಗೆ ಬಂದಿದ್ದು 2023ರ ಜನವರಿಯ ನಂತರ. ಅಂದರೆ ಅಂಗಡಿಯಲ್ಲಿ ಹೊಚ್ಚ ಹೊಸದಾಗಿ ಕಾಣುವ ಬಾಟಲಿಗೂ ಮೂರು ವರ್ಷ ದಾಟಿರುತ್ತದೆ.

ಎರಡು, 'ರಿಸೆರ್ವಾ' ಎಂಬ ಪದ. ಇದ್ದರೆ 62 ತಿಂಗಳು ಮಾಗಿಸಿದ್ದು ಅಂತ ಅರ್ಥ. ಬೇರೆ ಎಷ್ಟೋ ದೇಶಗಳಲ್ಲಿ 'ರಿಸರ್ವ್' ಅನ್ನುವುದು ಸುಮ್ನೆ ಅಲಂಕಾರ. ಇಲ್ಲಿ ಅದಕ್ಕೆ ಕಾನೂನಿನ ತೂಕ ಇದೆ.

ಮೂರು, ಡಿ.ಓ.ಸಿ.ಜಿ. ಎಂಬ ಅಕ್ಷರಗಳು. ಇಟಲಿಯ ವೈನ್ ಕಾನೂನಿನಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆ ಇದು. ಬರೋಲೋಗೆ 1980ರಲ್ಲಿ ಸಿಕ್ಕಿತು. ಬಾಟಲಿಯ ಕುತ್ತಿಗೆಯ ಮೇಲೆ ನಂಬರ್ ಇರುವ ಸರ್ಕಾರಿ ಪಟ್ಟಿ ಅಂಟಿಸಿರುತ್ತಾರೆ. ಹೊಸ ಬಾಟಲಿಯಲ್ಲಿ ಅದು ಇಲ್ಲದಿದ್ದರೆ ಅನುಮಾನಪಡಿ.

ನಾಲ್ಕು, ಊರಿನ ಅಥವಾ ತೋಟದ ಹೆಸರು. ಕನ್ನೂಬಿ, ಬ್ರುನಾತೆ, ಬುಸ್ಸಿಯಾ, ವಿನ್ಯಾ ರಿಯೋಂಡಾ, ಮೊನ್ವಿಲ್ಯೇರೊ ಇಂಥವು. 2010ರ ಕೊಯ್ಲಿನಿಂದ ಇವುಗಳ ಅಧಿಕೃತ ಪಟ್ಟಿ ಜಾರಿಗೆ ಬಂದಿದೆ. 11 ಊರುಗಳನ್ನೂ ಸೇರಿಸಿದರೆ 181 ಹೆಸರು. ತೋಟದ ಹೆಸರು ಇಲ್ಲದೆ ಬರೀ 'ಬರೋಲೋ' ಅಂತಿದ್ದರೆ ಕೀಳು ಅಂದುಕೊಳ್ಳಬೇಡಿ. ಹಲವು ತೋಟಗಳ ವೈನ್ ಬೆರೆಸುವುದೇ ಅಲ್ಲಿನ ಹಳೆಯ ಪದ್ಧತಿ. ಬರ್ತೊಲೊ ಮಸ್ಕರೆಲ್ಲೊ ಮನೆತನ ಇವತ್ತಿಗೂ ಹಾಗೇ ಮಾಡುತ್ತದೆ.

ಎಡವುವ ಜಾಗ: 'ಲಾಂಗೆ ನೆಬ್ಬಿಯೋಲೊ' ಅಂತ ಬರೆದಿದ್ದರೆ ಅದು ಬರೋಲೋ ಅಲ್ಲ. ಅದೇ ದ್ರಾಕ್ಷಿ, ಅದೇ ಸೀಮೆ. ಆದರೆ ಬೇಗ ಕುಡಿಯಲು ಮಾಡಿದ್ದು, ಬೆಲೆಯೂ ಕಡಿಮೆ. ಅದನ್ನು ವರ್ಷಗಟ್ಟಲೆ ಕೂಡಿಡುವುದರಲ್ಲಿ ಅರ್ಥವಿಲ್ಲ. ಈ ದ್ರಾಕ್ಷಿಯ ಪರಿಚಯವೇ ಇಲ್ಲದವರು ಮಾತ್ರ ಇದರಿಂದ ಶುರು ಮಾಡುವುದು ಒಳ್ಳೆಯದು. 'ಬರೋಲೋ ಕಿನಾತೊ' ಮತ್ತೂ ಬೇರೆ. ಸಿಂಕೋನಾ ತೊಗಟೆ, ಮಸಾಲೆ, ಸಕ್ಕರೆ ಹಾಕಿದ ಸಿಹಿ-ಕಹಿ ಪಾನೀಯ ಅದು. ಊಟವಾದ ಮೇಲೆ ಪುಟ್ಟ ಗ್ಲಾಸಿನಲ್ಲಿ ಕುಡಿಯುತ್ತಾರೆ.

2. ಬಣ್ಣ ನೋಡಿ ಮೋಸ ಹೋಗಬೇಡಿ

ಬರೋಲೋ ಮೊದಲ ಸಲ ಸುರಿದವರಿಗೆ ನಿರಾಸೆ ಆಗುವುದು ಇಲ್ಲೇ. ಇಟಲಿಯ ಅತಿ ಗಡಸು ರೆಡ್ ವೈನ್ ಅಂತ ಕೇಳಿರುತ್ತಾರೆ. ಗ್ಲಾಸಿನಲ್ಲಿ ನೋಡಿದರೆ ಆಚೆ ಬದಿಯ ಬೆರಳು ಕಾಣುವಷ್ಟು ತೆಳು ಕೆಂಪು. ಅಂಚಿನಲ್ಲಿ ಇಟ್ಟಿಗೆ ಬಣ್ಣದ ಛಾಯೆ ಬೇರೆ. "ಕೆಟ್ಟಿದೆಯಾ?" ಅನ್ನುತ್ತಾರೆ.

ಕೆಟ್ಟಿಲ್ಲ. ನೆಬ್ಬಿಯೋಲೊ ದ್ರಾಕ್ಷಿಯ ಸಿಪ್ಪೆಯಲ್ಲಿರುವ ಬಣ್ಣದ ಅಂಶವೇ ಅಂಥದ್ದು. ಗಟ್ಟಿಯಾಗಿ ನಿಲ್ಲದೆ ಬೇಗ ಮಾಸುತ್ತದೆ. ಐದಾರು ವರ್ಷದ ಬರೋಲೋದಲ್ಲೂ ಕಿತ್ತಳೆ ಅಂಚು ಕಾಣುವುದು ಮಾಮೂಲಿ. ಬಣ್ಣ ತೆಳುವಾಗಿದೆ ಅಂತ ರುಚಿಯೂ ತೆಳುವಾಗಿರುತ್ತದೆ ಅಂದುಕೊಂಡರೆ ಮೊದಲ ಗುಟುಕಿಗೇ ಬೆಚ್ಚಿಬೀಳುತ್ತೀರಿ.

ಏಕೆಂದರೆ ಈ ದ್ರಾಕ್ಷಿಯಲ್ಲಿ ಬಣ್ಣ ಕಡಿಮೆಯಾದರೂ ಟ್ಯಾನಿನ್ ವಿಪರೀತ. ಟ್ಯಾನಿನ್ ಅಂದರೆ ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಇಳಿಯುವ ಒಗರು. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ದೊರಗಾಗಿ, ಬಾಯಿ ಒಣಗಿದ ಹಾಗೆ ಆಗುತ್ತದಲ್ವಾ, ಅದೇ. ಟ್ಯಾನಿನ್ ನಮ್ಮ ಎಂಜಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುವ ಗುಣವನ್ನು ತೆಗೆದುಬಿಡುತ್ತದೆ. ಒಗರಿನ ಜೊತೆಗೆ ಹುಳಿಯೂ ಜೋರು. ಆಲ್ಕೋಹಾಲ್ ಕಾನೂನಿನ ಪ್ರಕಾರ ಕನಿಷ್ಠ ಶೇ. 13. ಈಗಿನ ಬಾಟಲಿಗಳಲ್ಲಿ 14, 14.5 ಇರುವುದೇ ಹೆಚ್ಚು.

ಮೂಗಿಗೆ ಬರುವುದು ಬೇರೆಯೇ ಲೋಕ. ಗುಲಾಬಿ, ಚೆರ್ರಿ, ಜ್ಯೇಷ್ಠಮಧು, ಜೊತೆಗೆ ಹೊಸದಾಗಿ ಹಾಕಿದ ಡಾಂಬರಿನ ಎಳೆ. ಡಾಂಬರು ಮತ್ತು ಗುಲಾಬಿ ಅನ್ನುವ ಜೋಡಿ ಬರೋಲೋ ಬಗ್ಗೆ ಯಾರೇ ಬರೆದರೂ ಬರುತ್ತದೆ. ಸವಕಲಾಗಿದೆ ನಿಜ, ಆದರೆ ಸುಳ್ಳಲ್ಲ. ಘಮ ಇಷ್ಟು ಮೃದು, ಬಾಯಿಗೆ ಇಷ್ಟು ಒರಟು. ಈ ಎರಡರ ನಡುವಿನ ಅಂತರ ವರ್ಷ ಕಳೆದಂತೆ ಕಡಿಮೆಯಾಗುತ್ತಾ ಬರುತ್ತದೆ. ಬರೋಲೋ ಮಾಗುವುದು ಅಂದರೆ ಇದೇ.

3. ಬಾಟಲಿಯೊಳಗೆ ಏನು ನಡೆಯುತ್ತದೆ, ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಇದು ಗೊತ್ತಾದರೆ ಉಳಿದ ನಿರ್ಧಾರಗಳನ್ನೆಲ್ಲ ನೀವೇ ಮಾಡಬಹುದು.

ಬಾಟಲಿಯಲ್ಲಿ ವರ್ಷ ಕಳೆದಂತೆ ಟ್ಯಾನಿನ್ ಕಣಗಳು ಒಂದಕ್ಕೊಂದು, ಬಣ್ಣದ ಕಣಗಳ ಜೊತೆಗೂ ಕೊಂಡಿ ಹಾಕಿಕೊಳ್ಳುತ್ತವೆ. ದೊಡ್ಡದಾಗಿ, ಭಾರವಾಗಿ ತಳಕ್ಕೆ ಇಳಿಯುತ್ತವೆ. ಹಳೆಯ ಬಾಟಲಿಯ ತಳದಲ್ಲಿ ಕಾಣುವ ಕಪ್ಪು ಚರಟ ಇದೇ. ಒಗರಿನ ಒಂದು ಪಾಲು ಹೀಗೆ ಚರಟವಾಗುತ್ತದೆ, ಉಳಿದದ್ದು ನಯವಾಗುತ್ತದೆ. ಬಣ್ಣ ಇನ್ನಷ್ಟು ತೆಳುವಾಗುತ್ತದೆ. ಹುಳಿ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. 30 ವರ್ಷದ ಬರೋಲೋ ಕೂಡ ಸಪ್ಪೆಯಾಗದೆ ಚುರುಕಾಗಿರುವುದು ಈ ಹುಳಿಯಿಂದಲೇ.

ಘಮವೂ ಬದಲಾಗುತ್ತದೆ. ತಾಜಾ ಚೆರ್ರಿ ಒಣ ಹಣ್ಣಾಗುತ್ತದೆ. ಹಸಿ ಗುಲಾಬಿ ಒಣ ಗುಲಾಬಿ ಎಸಳಾಗುತ್ತದೆ. ಆಮೇಲೆ ತಂಬಾಕು, ಚರ್ಮ, ಒದ್ದೆ ಎಲೆ, ಅಣಬೆ, ಕೊನೆಗೆ ಟ್ರಫಲ್. ಟ್ರಫಲ್ ಅಂದರೆ ಮರದ ಬೇರಿನ ಬಳಿ ನೆಲದೊಳಗೆ ಬೆಳೆಯುವ, ವಾಸನೆ ಗಾಢವಾದ ಅಣಬೆ. ಅದರ ಬಿಳಿ ಜಾತಿಗೆ ಆಲ್ಬಾ ಪಟ್ಟಣವೇ ಹೆಸರುವಾಸಿ.

ಇಲ್ಲಿ ಒಂದು ತೊಡಕು. ಈ ಬದಲಾವಣೆ ನೇರ ಗೆರೆಯಲ್ಲಿ ಸಾಗುವುದಿಲ್ಲ. ಬಾಟಲಿ ಹೊಸದಾಗಿದ್ದಾಗ ಹಣ್ಣಿನ ರುಚಿ ಧಾರಾಳವಾಗಿರುತ್ತದೆ. ಆಮೇಲೆ ಎಷ್ಟೋ ಬಾಟಲಿಗಳು ಕೆಲವು ವರ್ಷ ಬಾಯಿ ಮುಚ್ಚಿಕೊಳ್ಳುತ್ತವೆ. ಹಣ್ಣೂ ಇಲ್ಲ, ಮಾಗಿದ ಘಮವೂ ಇಲ್ಲ, ಬರೀ ಒಗರು. ಅದನ್ನು ದಾಟಿದ ಮೇಲೆ ಮತ್ತೆ ತೆರೆದುಕೊಳ್ಳುತ್ತವೆ. ಒಂದೇ ಬಾಟಲಿ ಇದ್ದವರಿಗೆ ಇದು ಜೂಜು. ಅದಕ್ಕೇ ಇಡುವ ಉದ್ದೇಶವಿದ್ದರೆ ಒಂದೇ ವೈನಿನ ಎರಡು ಮೂರು ಬಾಟಲಿ ಕೊಳ್ಳಿ ಅನ್ನುವುದು. ಒಂದನ್ನು ತೆಗೆದು ನೋಡಿದರೆ ಉಳಿದವುಗಳ ಗತಿ ತಿಳಿಯುತ್ತದೆ.

4. ಗುಡ್ಡ, ಮನೆತನ, ವರ್ಷ: ಮೂರನ್ನೂ ತೂಗಿ ನೋಡಿ

ಗುಡ್ಡದ ವಿಷಯ ಹೀಗಿದೆ. ಪಶ್ಚಿಮದ ಲಾ ಮೊರ್ರಾ ಮತ್ತು ಬರೋಲೋ ಊರಿನ ಬಹುಪಾಲು ಕಡೆ ನೀಲಿ-ಬೂದು ಬಣ್ಣದ, ಸುಣ್ಣ ಬೆರೆತ ಜೇಡಿಮಣ್ಣು. ಅಲ್ಲಿನ ವೈನ್ ಘಮ ಜಾಸ್ತಿ, ಸ್ವಲ್ಪ ಮೃದು, ಬೇಗ ಹದಕ್ಕೆ ಬರುತ್ತದೆ. ವೆರ್ದೂನೊ ಊರಿನದೂ ಹಗುರ, ಪರಿಮಳದ ವೈನ್. ಪೂರ್ವದ ಸೆರ್ರಲುಂಗಾ, ದಕ್ಷಿಣದ ಮೊನ್‌ಫೋರ್ತೆ ಕಡೆ ಇನ್ನೂ ಹಳೆಯ ಕಾಲದ, ಮರಳುಗಲ್ಲು ಬೆರೆತ ಮಣ್ಣು. ಅಲ್ಲಿನ ವೈನ್ ಬಿಗಿ, ಒಗರು, ಹೆಚ್ಚು ಕಾಲ ಬಾಳುತ್ತದೆ. ಕಸ್ತಿಲ್ಯೋನೆ ಫಲ್ಲೆತ್ತೊ ನಡುವೆ ನಿಲ್ಲುತ್ತದೆ. ಇದು ದಪ್ಪ ಗೆರೆಯ ನಕ್ಷೆ ಅಷ್ಟೇ. ಒಂದೇ ಊರಿನ ಎರಡು ಇಳಿಜಾರುಗಳ ನಡುವೆಯೂ ವ್ಯತ್ಯಾಸ ಇರುತ್ತದೆ.

ಮನೆತನದ ಕಥೆ ಇನ್ನೂ ರಂಗಾಗಿದೆ. ಹಳಬರು ದ್ರಾಕ್ಷಿ ರಸವನ್ನು ಸಿಪ್ಪೆಯ ಜೊತೆ ವಾರಗಟ್ಟಲೆ, ಕೆಲವರು ತಿಂಗಳಿಗೂ ಹೆಚ್ಚು ಕಾಲ ನೆನೆಹಾಕುತ್ತಿದ್ದರು. ಆಮೇಲೆ ಸಾವಿರಾರು ಲೀಟರ್ ಹಿಡಿಯುವ ಹಳೆಯ ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಅಷ್ಟು ದೊಡ್ಡ ಹಳೆಯ ಪೀಪಾಯಿ ವೈನಿಗೆ ಮರದ ರುಚಿ ಕೊಡುವುದಿಲ್ಲ, ಉಸಿರಾಡಲು ಬಿಡುತ್ತದೆ ಅಷ್ಟೇ. 1980ರ ದಶಕದಲ್ಲಿ ಹೊಸ ಪೀಳಿಗೆ ಫ್ರಾನ್ಸಿನ ಬರ್ಗಂಡಿ ನೋಡಿ ಬಂತು. 225 ಲೀಟರಿನ ಸಣ್ಣ ಹೊಸ ಪೀಪಾಯಿ ತಂದರು. ಇದಕ್ಕೆ ಬರೀಕ್ ಅನ್ನುತ್ತಾರೆ. ನೆನೆಹಾಕುವ ಕಾಲವನ್ನು ದಿನಗಳಿಗೆ ಇಳಿಸಿದರು. ವೈನ್ ಬೇಗ ಮೃದುವಾಯಿತು, ವೆನಿಲಾ ಘಮ ಬಂತು. ಈ ಹೊಸ ಪೀಳಿಗೆಯ ಎಲಿಯೊ ಅಲ್ತಾರೆ ತನ್ನ ತಂದೆಯ ಹಳೆಯ ಪೀಪಾಯಿಗಳನ್ನು ಯಂತ್ರದ ಗರಗಸದಿಂದ ಕೊಯ್ದ ಕಥೆ ಆ ಕಾಲದ್ದೇ. ಅತ್ತ ಬರ್ತೊಲೊ ಮಸ್ಕರೆಲ್ಲೊ "ಬರೀಕ್ ಬೇಡ, ಬೆರ್ಲುಸ್ಕೋನಿ ಬೇಡ" ಅಂತ ಕೈಯಲ್ಲೇ ಲೇಬಲ್ ಬಿಡಿಸಿದರು. ಬೆರ್ಲುಸ್ಕೋನಿ ಇಟಲಿಯ ಪ್ರಧಾನಿಯಾಗಿದ್ದ ರಾಜಕಾರಣಿ. ವೈನ್ ಜಗಳ ರಾಜಕೀಯದ ಜೊತೆ ಒಂದೇ ಲೇಬಲ್ಲಿನಲ್ಲಿ ಕೂತಿದ್ದು ಹೀಗೆ.

ಈಗ ಎರಡು ಪಾಳಯಗಳೂ ಹತ್ತಿರ ಬಂದಿವೆ. ಹೊಸ ಓಕ್ ರುಚಿ ತುಂಬಿದ ಬರೋಲೋ ಕಡಿಮೆಯಾಗಿದೆ. ನನ್ನ ಒಲವು ದೊಡ್ಡ ಪೀಪಾಯಿಯ ಕಡೆಗೇ. ಗುಲಾಬಿ ಘಮದ ಮೇಲೆ ವೆನಿಲಾ ಬಳಿದರೆ ನೆಬ್ಬಿಯೋಲೊ ಯಾಕೆ ಬೇಕು, ಬೇರೆ ದ್ರಾಕ್ಷಿ ಸಾಲದಾ? ನಿಮಗೆ ತಿಳಿಯಬೇಕಾದದ್ದು ಇಷ್ಟು. ಜಾಕೊಮೊ ಕೊಂತೆರ್ನೊ, ಜುಸೆಪ್ಪೆ ರಿನಾಲ್ದಿಯಂಥ ಹಳೆಯ ಶೈಲಿಯವರ ಬಾಟಲಿಗೆ ಕಾಯಲೇಬೇಕು. ಮೃದು ಶೈಲಿಯವರದ್ದನ್ನು ಬೇಗ ತೆಗೆಯಬಹುದು.

ಇನ್ನು ವರ್ಷ. ನೆಬ್ಬಿಯೋಲೊ ಬೇಗ ಚಿಗುರುತ್ತದೆ, ತಡವಾಗಿ ಹಣ್ಣಾಗುತ್ತದೆ. ಕೊಯ್ಲು ಅಕ್ಟೋಬರಿನವರೆಗೂ ಹೋಗುತ್ತದೆ. ಹೀಗಾಗಿ ಮಳೆ, ಬಿಸಿಲು ಎಲ್ಲದರ ಗುರುತೂ ಅದರ ಮೇಲೆ ಬೀಳುತ್ತದೆ. 2010, 2013, 2016, 2019 ನಿಧಾನವಾಗಿ ಹಣ್ಣಾದ, ಹೆಚ್ಚು ಕಾಲ ಬಾಳುವ ವರ್ಷಗಳು. ಹಳೆಯದರಲ್ಲಿ 1989, 1996, 2001, 2004 ಒಳ್ಳೆಯ ಹೆಸರು ಪಡೆದಿವೆ. 2003 ಯುರೋಪಿನ ಆ ಕುಖ್ಯಾತ ಬಿಸಿಗಾಳಿಯ ವರ್ಷ, 2017 ಕೂಡ ಬಿಸಿ, ಒಣ ವರ್ಷ. 2014ರಲ್ಲಿ ಮಳೆ ಜಾಸ್ತಿ. 2018 ಹಗುರ, ಬೇಗ ಕುಡಿಯಬಹುದು. 2015, 2020 ಬೆಚ್ಚಗಿನ ವರ್ಷಗಳು, ಎಳೆಯದಾಗಿದ್ದಾಗಲೂ ಬಾಯಿಗೆ ಹಿತ.

ವರ್ಷದ ಪಟ್ಟಿಗೆ ಅತಿಯಾಗಿ ಅಂಟಿಕೊಳ್ಳಬೇಡಿ. ಸಾಧಾರಣ ವರ್ಷದಲ್ಲಿ ಒಳ್ಳೆಯ ಮನೆತನ ಮಾಡಿದ ವೈನ್, ಒಳ್ಳೆಯ ವರ್ಷದಲ್ಲಿ ಉದಾಸೀನದಿಂದ ಮಾಡಿದ್ದಕ್ಕಿಂತ ಎಷ್ಟೋ ಮೇಲು. ಬೆಲೆಯೂ ಕಡಿಮೆ ಇರುತ್ತದೆ.

5. ಇಡುವುದೋ ತೆಗೆಯುವುದೋ, ತೀರ್ಮಾನಿಸಿ

ಸರಿಯಾದ ಜಾಗದಲ್ಲಿ ಇಟ್ಟ ಬಾಟಲಿಗೆ ಅಂದಾಜು ಲೆಕ್ಕ ಹೀಗೆ. ವರ್ಷಗಳನ್ನು ಕೊಯ್ಲಿನಿಂದ ಎಣಿಸಿ.

- ತೋಟದ ಹೆಸರಿಲ್ಲದ ಸಾಮಾನ್ಯ ಬರೋಲೋ: 6ರಿಂದ 15 ವರ್ಷ.
- ಒಳ್ಳೆಯ ತೋಟ, ಒಳ್ಳೆಯ ವರ್ಷ: 10ರಿಂದ 25 ವರ್ಷ.
- ಸೆರ್ರಲುಂಗಾ, ಮೊನ್‌ಫೋರ್ತೆ ಕಡೆಯ ಹಳೆಯ ಶೈಲಿಯ ದೊಡ್ಡ ಮನೆತನಗಳು: 15 ವರ್ಷಕ್ಕೆ ಮೊದಲು ಮುಟ್ಟದಿರುವುದೇ ಒಳ್ಳೆಯದು. 30 ದಾಟಿದರೂ ಆಶ್ಚರ್ಯವಿಲ್ಲ.

ಈ ಅಂಕಿಗಳೆಲ್ಲ 12ರಿಂದ 14 ಡಿಗ್ರಿ ತಂಪಿನ ನೆಲಮಾಳಿಗೆಗೆ ಹೇಳಿದ್ದು. ನಿಮ್ಮ ಮನೆಗಲ್ಲ.

6. ಇಡುವುದಾದರೆ ಹೀಗೆ ಇಡಿ

ಬಿಸಿ ಹೆಚ್ಚಾದಂತೆ ಬಾಟಲಿಯೊಳಗಿನ ರಾಸಾಯನಿಕ ಕ್ರಿಯೆಗಳ ವೇಗವೂ ಏರುತ್ತದೆ. "ಹಾಗಾದರೆ ನಮ್ಮಲ್ಲಿ ಬೇಗ ಮಾಗಬೇಕಲ್ವಾ?" ಅಂತ ಕೇಳಬಹುದು. ಎಲ್ಲ ಕ್ರಿಯೆಗಳೂ ಒಂದೇ ಸಮ ಏರುವುದಿಲ್ಲ, ತೊಂದರೆ ಅದು. ಹಣ್ಣಿನ ಘಮ ಮೊದಲು ಸಾಯುತ್ತದೆ, ಒಗರು ಹಾಗೇ ಉಳಿಯುತ್ತದೆ. ಕೊನೆಗೆ ಬೇಯಿಸಿದ ಒಣದ್ರಾಕ್ಷಿಯ ರುಚಿಯ, ಒರಟಾದ ವೈನ್ ಕೈಗೆ ಬರುತ್ತದೆ. ಬಿಸಿಯಲ್ಲಿ ವೈನ್ ಹಿಗ್ಗಿ ಕಾರ್ಕನ್ನು ಮೇಲಕ್ಕೆ ನೂಕುತ್ತದೆ. ತಣ್ಣಗಾದಾಗ ಕುಗ್ಗಿ ಗಾಳಿ ಎಳೆದುಕೊಳ್ಳುತ್ತದೆ. ಹಗಲು 34, ರಾತ್ರಿ 22 ಅಂತ ದಿನಾ ಏರಿಳಿಯುವ ಏಪ್ರಿಲ್ ತಿಂಗಳು ಬಾಟಲಿಗೆ ದೊಡ್ಡ ಹಿಂಸೆ.

ಆದ್ದರಿಂದ:

ವೈನ್ ಫ್ರಿಜ್ ಇದ್ದರೆ 13 ಡಿಗ್ರಿಗೆ ಇಡಿ. ಬಾಟಲಿಯನ್ನು ಅಡ್ಡ ಮಲಗಿಸಿ, ಕಾರ್ಕ್ ಒದ್ದೆಯಾಗಿರಬೇಕು. ತೇವ ಶೇ. 60ರಿಂದ 70 ಇದ್ದರೆ ಚೆನ್ನ. ಕರೆಂಟ್ ಹೋಗುವ ಊರಾದರೆ ಯು.ಪಿ.ಎಸ್. ಸಾಲಿಗೆ ಸೇರಿಸಬಹುದಾ ಅಂತ ಮೊದಲೇ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ.

ವೈನ್ ಫ್ರಿಜ್ ಇಲ್ಲದಿದ್ದರೆ ಅಡುಗೆಮನೆ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಕೆಲವು ತಿಂಗಳು ಇಡಬಹುದು. 4 ಡಿಗ್ರಿ ತಂಪಿನಲ್ಲಿ ಮಾಗುವುದು ಬಹುತೇಕ ನಿಂತೇ ಹೋಗುತ್ತದೆ, ಆದರೆ ಕೆಡುವುದೂ ಇಲ್ಲ. ವರ್ಷಗಟ್ಟಲೆ ಬೇಡ. ಒಳಗಿನ ಗಾಳಿ ಒಣ, ಕಾರ್ಕ್ ಒಣಗುತ್ತದೆ. ಇಂಗು ಹಾಕಿದ ಸಾರಿನ ಪಾತ್ರೆ ಪಕ್ಕ ಅಂತೂ ಬೇಡವೇ ಬೇಡ.

ಮಡಿಕೇರಿ, ಚಿಕ್ಕಮಗಳೂರು ಕಡೆ ದಪ್ಪ ಗೋಡೆಯ ಹಳೆಯ ಮನೆ ಇರುವವರು ಒಳಕೋಣೆಯ ನೆಲದ ಹತ್ತಿರ ಥರ್ಮಾಮೀಟರ್ ಇಟ್ಟು ಬೇಸಿಗೆ ಪೂರ್ತಿ ನೋಡಿ. 20 ಡಿಗ್ರಿ ಒಳಗೆ, ಹೆಚ್ಚು ಏರಿಳಿತವಿಲ್ಲದೆ ಇದ್ದರೆ ಎರಡು ಮೂರು ವರ್ಷಕ್ಕೆ ಮೋಸವಿಲ್ಲ.

ಎಡವುವ ಜಾಗಗಳು ಇಲ್ಲಿ ಜಾಸ್ತಿ. ಷೋಕೇಸ್ ಬೇಡ, ಬೆಳಕೂ ವೈನಿಗೆ ಶತ್ರು. ಫ್ರಿಜ್ ಮೇಲಿನ ಜಾಗ ಬೇಡ, ಅಲ್ಲಿ ಬಿಸಿ ಮತ್ತು ಅಲುಗಾಟ ಎರಡೂ ಇವೆ. ಎ.ಸಿ. ಕೋಣೆಯಲ್ಲಿ ಇಟ್ಟಿದ್ದೇನೆ ಅನ್ನುವವರು ಹಗಲು ಎ.ಸಿ. ಆರಿಸಿದಾಗ ಎಷ್ಟಾಗುತ್ತದೆ ನೋಡಿ. ವಿದೇಶದಿಂದ ತರುವವರು ಬೇಸಿಗೆಯಲ್ಲಿ ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟು ಊಟಕ್ಕೆ ನಿಲ್ಲಬೇಡಿ. ಡಿಕ್ಕಿ ಕಾಯಲು ಅರ್ಧ ಗಂಟೆ ಸಾಕು.

7. ತೆಗೆಯುವ ಮೊದಲು

ಪ್ರಯಾಣ ಮಾಡಿ ಬಂದ ಬಾಟಲಿಗೆ ಒಂದೆರಡು ವಾರ ವಿಶ್ರಾಂತಿ ಕೊಡಿ. ಹತ್ತು ವರ್ಷ ದಾಟಿದ ಬಾಟಲಿಯಾದರೆ ಕುಡಿಯುವ ಒಂದೆರಡು ದಿನ ಮೊದಲು ನೆಟ್ಟಗೆ ನಿಲ್ಲಿಸಿ. ಬದಿಗೆ ಅಂಟಿದ್ದ ಚರಟ ತಳಕ್ಕೆ ಇಳಿಯಬೇಕು.

ಹಳೆಯ ಬಾಟಲಿಯಲ್ಲಿ ವೈನಿನ ಮಟ್ಟ ನೋಡಿ. ಕುತ್ತಿಗೆಯಿಂದ ತುಂಬಾ ಕೆಳಗೆ, ಭುಜಕ್ಕೆ ಇಳಿದಿದ್ದರೆ ಕಾರ್ಕ್ ಬಿಟ್ಟುಕೊಟ್ಟಿದೆ ಅಂತ ಅರ್ಥ. ಆಸೆ ಕಡಿಮೆ ಇಟ್ಟುಕೊಳ್ಳಿ.

ಕುಡಿಯಲು 16ರಿಂದ 18 ಡಿಗ್ರಿ ಸರಿ. ರೆಡ್ ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕು ಅನ್ನುವುದು ಯುರೋಪಿನ ತಣ್ಣನೆ ಮನೆಗಳಿಗೆ ಹೇಳಿದ ಮಾತು. ನಮ್ಮ 28 ಡಿಗ್ರಿಯಲ್ಲಿ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಐಸ್ ಹಾಕಬೇಡಿ, ಅತಿ ತಣ್ಣಗೂ ಮಾಡಬೇಡಿ. ತಣ್ಣಗಾದಷ್ಟೂ ಒಗರು ಇನ್ನೂ ಚುಚ್ಚುತ್ತದೆ.

ಹಳೆಯ ಕಾರ್ಕ್ ಪುಡಿಯಾಗುತ್ತದೆ. ಸ್ಕ್ರೂವನ್ನು ನಡುವಿಗೆ ನೇರ ಇಳಿಸಿ, ನಿಧಾನ ಎಳೆಯಿರಿ. ಎರಡು ತೆಳು ಅಲಗಿನ, ಕಾರ್ಕಿನ ಬದಿಯಲ್ಲಿ ಇಳಿಯುವ ಸಾಧನವೂ ಸಿಗುತ್ತದೆ. ಹಳೆಯ ಬಾಟಲಿಗೆ ಅದೇ ಮೇಲು. ಕಾರ್ಕ್ ಒಳಗೆ ಬಿದ್ದರೂ ಗಾಬರಿ ಬೇಡ, ಸ್ಟೀಲ್ ಸೋಸುವ ಜಾಲರಿಯಲ್ಲಿ ಸೋಸಿದರಾಯಿತು. ವೈನಿಗೆ ಏನೂ ಆಗುವುದಿಲ್ಲ.

8. ಗಾಳಿ ಕೊಡಿ

ಬಾಯೆಲ್ಲ ಒಗರು ಅಂತ ಬರೆದ ಓದುಗರಲ್ಲಿ ಹೆಚ್ಚಿನವರು ಬಾಟಲಿ ತೆಗೆದ ಐದು ನಿಮಿಷಕ್ಕೆ ಕುಡಿದವರು. ಬರೋಲೋದಲ್ಲಿ ಗಾಳಿಯೇ ಅರ್ಧ ಕೆಲಸ.

ಎಳೆಯ ಬಾಟಲಿ, ಅಂದರೆ ಹತ್ತು ವರ್ಷದೊಳಗಿನದು: ಡಿಕ್ಯಾಂಟರಿಗೆ ಸುರಿಯಿರಿ. ಡಿಕ್ಯಾಂಟರ್ ಅಂದರೆ ವೈನಿಗೆ ಗಾಳಿ ತಾಗಲಿ ಅಂತ ಮಾಡಿದ ಅಗಲ ತಳದ ಗಾಜಿನ ಪಾತ್ರೆ. ಇಲ್ಲದಿದ್ದರೆ ಶುಚಿಯಾದ ಗಾಜಿನ ಜಗ್ ಸಾಕು, ಅದಕ್ಕೆಂದು ದುಡ್ಡು ಸುರಿಯಬೇಡಿ. ಮೂರು ಗಂಟೆ ತಂಪಾದ ಕಡೆ ಬಿಡಿ. ಸೆರ್ರಲುಂಗಾ ಕಡೆಯದ್ದಾದರೆ ಐದಾರು ಗಂಟೆ. ಗಾಳಿ ಟ್ಯಾನಿನನ್ನು ಕರಗಿಸುವುದಿಲ್ಲ. ಘಮ ಮೇಲೆದ್ದು ಬರುತ್ತದೆ, ಹಣ್ಣಿನ ರುಚಿ ಬಿಚ್ಚಿಕೊಳ್ಳುತ್ತದೆ. ಆಗ ಅದೇ ಒಗರು ಅಷ್ಟು ಒಂಟಿಯಾಗಿ ಕಾಡುವುದಿಲ್ಲ. ಗಂಟೆಗೊಮ್ಮೆ ಒಂದು ಗುಟುಕು ನೋಡುತ್ತಿರಿ. ಯಾವಾಗ ಸಾಕು ಅನ್ನುವುದು ಹೀಗೇ ಗೊತ್ತಾಗುವುದು.

ಬಾಟಲಿಯ ಕಾರ್ಕ್ ತೆಗೆದು ಸುಮ್ನೆ ಇಟ್ಟರೆ ಎಳೆಯ ವೈನಿಗೆ ಏನೂ ಉಪಯೋಗವಿಲ್ಲ. ಆ ಕಿರಿದಾದ ಕುತ್ತಿಗೆಯಲ್ಲಿ ಎಷ್ಟು ಗಾಳಿ ತಾಗೀತು?

ಹಳೆಯದಕ್ಕೆ ಲೆಕ್ಕ ಉಲ್ಟಾ. 20 ವರ್ಷ ದಾಟಿದ ಬಾಟಲಿಗೆ ಅದೇ ಸಣ್ಣ ಗಾಳಿ ಸರಿಯಾದ ಪ್ರಮಾಣ. ಮೂರು ನಾಲ್ಕು ಗಂಟೆ ಮೊದಲು ಕಾರ್ಕ್ ತೆಗೆಯಿರಿ, ಗ್ಲಾಸಿಗೆ ಎರಡು ಚಮಚ ಸುರಿದು ಮೂಸಿ ನೋಡಿ, ಬಾಟಲಿಯನ್ನು ಅಲುಗಿಸದೆ ನಿಲ್ಲಿಸಿ. ಬಡಿಸುವ ಹೊತ್ತಿಗೆ ಕುತ್ತಿಗೆಯ ಕೆಳಗೆ ಮೊಬೈಲ್ ಟಾರ್ಚ್ ಹಿಡಿದು ಒಂದೇ ಧಾರೆಯಲ್ಲಿ ಜಗ್ಗಿಗೆ ಬಗ್ಗಿಸಿ. ಕಪ್ಪು ಚರಟದ ಎಳೆ ಕುತ್ತಿಗೆಗೆ ಬಂದ ಕೂಡಲೇ ನಿಲ್ಲಿಸಿ. ಕೊನೆಯ ಎರಡು ಬೆರಳಷ್ಟು ಬಾಟಲಿಯಲ್ಲೇ ಬಿಡಿ. ಜಿಪುಣತನ ಮಾಡಿದರೆ ಪೂರ್ತಿ ಜಗ್ ಕಹಿಯಾಗುತ್ತದೆ.

9. ಕೆಟ್ಟಿದೆಯಾ ಇಲ್ಲವಾ, ಹೀಗೆ ತಿಳಿಯಿರಿ

ಒದ್ದೆ ರಟ್ಟಿನ, ಮುಗ್ಗಲು ಹಿಡಿದ ಗೋಣಿಯ ವಾಸನೆ ಬಂದರೆ ಕಾರ್ಕಿನ ದೋಷ. ಕಾರ್ಕಿನಲ್ಲಿ ಸೇರಿಕೊಂಡ ಟಿ.ಸಿ.ಎ. ಎಂಬ ರಾಸಾಯನಿಕ ಇದಕ್ಕೆ ಕಾರಣ. ಗಾಳಿ ಕೊಟ್ಟರೂ ಹೋಗುವುದಿಲ್ಲ, ಇನ್ನೂ ಎದ್ದು ಬರುತ್ತದೆ. ಅಂಗಡಿಯಲ್ಲಿ ಕೊಂಡಿದ್ದರೆ ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ ನೋಡಿ. ಕುಡಿದರೆ ಆರೋಗ್ಯಕ್ಕೆ ಅಪಾಯವಿಲ್ಲ, ಸಂತೋಷ ಮಾತ್ರ ಇಲ್ಲ.

ಕಾರ್ಕ್ ಬಾಟಲಿಯ ಬಾಯಿಗಿಂತ ಮೇಲೆ ಉಬ್ಬಿದ್ದರೆ, ಬದಿಯಲ್ಲಿ ವೈನ್ ಸೋರಿದ ಅಂಟು ಕಂಡರೆ, ರುಚಿಯಲ್ಲಿ ಬೇಯಿಸಿದ ಹಣ್ಣು ಮಾತ್ರ ಸಿಕ್ಕರೆ ಬಿಸಿಯಲ್ಲಿ ಬೆಂದಿದೆ. ಉಗುರು ಬಣ್ಣ ತೆಗೆಯುವ ದ್ರವದ ವಾಸನೆ ತೀರಾ ಜೋರಾಗಿದ್ದರೆ ವಿನೆಗರ್ ದಾರಿ ಹಿಡಿದಿದೆ. ಒಂದು ಎಳೆಯಷ್ಟು ಇದ್ದರೆ ಮಾತ್ರ ಹಳೆಯ ಬರೋಲೋದಲ್ಲಿ ಅದು ದೋಷವಲ್ಲ, ಘಮವನ್ನು ಎತ್ತಿಕೊಡುತ್ತದೆ.

ಇಟ್ಟಿಗೆ ಬಣ್ಣ, ಚರಟ, ಒಗರು, ಅಣಬೆ ವಾಸನೆ: ಈ ನಾಲ್ಕೂ ದೋಷಗಳಲ್ಲ.

10. ಏನರ ಜೊತೆ

ಬರೋಲೋ ಒಂಟಿಯಾಗಿ ಕುಡಿಯುವ ವೈನಲ್ಲ. ಕೊಬ್ಬು, ಪ್ರೋಟೀನ್ ಇದ್ದರೆ ಟ್ಯಾನಿನ್ ಎಂಜಲನ್ನು ಬಿಟ್ಟು ಅದಕ್ಕೆ ಅಂಟಿಕೊಳ್ಳುತ್ತದೆ. ಲಾಂಗೆಯಲ್ಲಿ ಇದೇ ವೈನಿನಲ್ಲಿ ಗಂಟೆಗಟ್ಟಲೆ ಬೇಯಿಸಿದ ದನದ ಮಾಂಸ, ಮೊಟ್ಟೆಯ ಹಳದಿ ಧಾರಾಳವಾಗಿ ಹಾಕಿದ ತಾಜರಿನ್ ಎಂಬ ತೆಳು ನೂಡಲ್ಸ್, ಹುರಿದ ಮೊಟ್ಟೆಯ ಮೇಲೆ ತುರಿದ ಬಿಳಿ ಟ್ರಫಲ್ ಇರುತ್ತವೆ.

ನಮ್ಮ ಅಡುಗೆಗೆ ಬಂದರೆ ಒಂದೇ ಎಚ್ಚರಿಕೆ: ಖಾರ. ಮೆಣಸಿನಕಾಯಿ ಉರಿಯ ಮೇಲೆ ಒಗರೂ ಆಲ್ಕೋಹಾಲೂ ಎರಡರಷ್ಟು ಅನ್ನಿಸುತ್ತವೆ. ಕೋಳಿ ಗಸಿ, ಆಂಧ್ರ ಶೈಲಿಯ ಮಟನ್ ಜೊತೆ ಬೇಡ. ಹುಣಸೆಹುಳಿ ಮುಂದಿರುವ ಸಾರು, ಗೊಜ್ಜೂ ಬೇಡ. ಕರಿಮೆಣಸು ಹಾಕಿ ನಿಧಾನ ಬೇಯಿಸಿದ ಮಟನ್, ಬೆಣ್ಣೆಯಲ್ಲಿ ಹುರಿದ ಅಣಬೆ, ಬೆಣ್ಣೆ ಹಾಕಿದ ಆಮ್ಲೆಟ್ ಚೆನ್ನಾಗಿ ಹೊಂದುತ್ತವೆ. ಸಸ್ಯಾಹಾರಿಗಳಿಗೆ ಅಣಬೆಯ ರಿಸೊತ್ತೊ (ಇಟಲಿಯ ಮೆತ್ತನೆ ಅನ್ನದ ಅಡುಗೆ), ಹಳೆಯ ಗಟ್ಟಿ ಚೀಸ್. ಬರೀ ಪಾರ್ಮೆಸಾನ್ ಚೂರುಗಳಿದ್ದರೂ ಸಾಕು.

ಶೇ. 14ರ ಮೇಲಿನ ವೈನ್ ಇದು. ಒಂದು ಬಾಟಲಿ ನಾಲ್ಕೈದು ಜನಕ್ಕೆ ಸರಿ. ಗಾಡಿ ಓಡಿಸುವವರು ಅವತ್ತು ಮೂಸಿ ನೋಡಿದರೆ ಸಾಕು.

ಉಳಿದರೆ ಚೆಲ್ಲಬೇಡಿ. ಎಳೆಯ ಬರೋಲೋವನ್ನು ಸಣ್ಣ ಬಾಟಲಿಗೆ ಬಾಯಿತನಕ ತುಂಬಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. ಎರಡು ಮೂರು ದಿನ ತಡೆಯುತ್ತದೆ, ಕೆಲವು ಬಾಟಲಿಗಳು ಎರಡನೇ ದಿನವೇ ಹೆಚ್ಚು ಚೆನ್ನ. ಹಾಗೆ ಅನ್ನಿಸಿದರೆ ಮುಂದಿನ ಸಲ ಇನ್ನಷ್ಟು ಗಂಟೆ ಮೊದಲೇ ಜಗ್ಗಿಗೆ ಸುರಿಯಿರಿ. 20 ವರ್ಷದ್ದು ಮಾತ್ರ ಬೆಳಗಿನವರೆಗೆ ಕಾಯುವುದಿಲ್ಲ, ಅದನ್ನು ಅವತ್ತೇ ಮುಗಿಸಿ.